ಹಳಿಯಿಂದ ಕಾಲುದಾರಿ

ಮಡದಿಮಕ್ಕಳೊಡನೆ ಸಂಜೆ ನಿಶ್ಚಿಂತೆಯಿಂದ ನಡೆದಾಡಲು ಒಂದು ದಾರಿಯನ್ನು ಯಾವ ಗೃಹಸ್ಥನು ತಾನೆ ಬಯಸನು? ಅಂತಹದೊಂದು ದೊರೆತ ಬಗೆಯನ್ನು ವಾಚಕರಿಗೆ ತಿಳಿಸುವೆವು.

ಅಮೆರಿಕೆಯ ಷಿಕಾಗೋ ನಗರದ ಪಡುವಣ ಉಪನಗರಗಳಲ್ಲಿ ಓಡುತ್ತಿದ್ದ ವಿದ್ಯುತ್ ರೈಲು 1957ರಲ್ಲಿ ಪ್ರಯಾಣಿಕರನ್ನು ಒಯ್ಯುವುದನ್ನು ನಿಲ್ಲಿಸಿತು. ಪಾಳುಬಿದ್ದ ಆ ಹಳಿಯ ಜಾಡನ್ನು ಸಾರ್ವಜನಿಕರ ಕಾಲುದಾರಿಯಾಗಿ ಉಳಿಸಬೇಕೆಂದು ಮೇ ವಾಟ್ಸ್ ಎಂಬ ನಿಸರ್ಗಶಾಸ್ತ್ರಜ್ಞೆಯು 1963ರಲ್ಲಿ ವೃತ್ತಪತ್ರಿಕೆಗೆ ಕಾಗದ ಬರೆದರು. ಇಂದು ಆ ‘ಇಲಿನಾಯ್ ಪ್ರೇರಿ ಪಾತ್’ ಸುಮಾರು 60 ಮೈಲಿಗಳಷ್ಟು ಹಬ್ಬಿ ಊರೂರುಗಳನ್ನು ಕೂಡಿಸಿದೆ.

ಇಂತಹ ದಾರಿಯಲ್ಲಿ ಒಂದೂರಿನ ನೆಲವು ಕೈತಪ್ಪಿದರೆ ಉಳಿದ ಊರುಗಳ ದಾರಿಯೂ ಕಡಿದಂತೆಯೇ ಸರಿ. ಆದುದರಿಂದ ನೆರೆಯೂರುಗಳೆಲ್ಲ ಕಲೆತು ಮೊದಲು ನೆಲವನ್ನು ಕಾಯ್ದಿರಿಸಬೇಕು. ನೆರಳಿನ ಮರ, ಕಲ್ಲುಬೆಂಚುಗಳು ಆಮೇಲೆ ಬರಲಿ. ಮನೆಗಳೆದ್ದ ಮೇಲೆ ದಾರಿಯನ್ನರಸುವುದು ವ್ಯರ್ಥವೆಂದು ನಮ್ಮ ಮತ.