ತಪ್ಪಿದ ಅನಾಹುತವೂ ದಾಖಲಾಗಲಿ

2012ರಲ್ಲಿ ಸೇಲಂನಲ್ಲಿ ವಿಮಾನದಿಂದ ಜಿಗಿದ ಬೆಂಗಳೂರಿನ ಯುವತಿಯ ಪ್ಯಾರಾಚೂಟ್ ಬಿಚ್ಚಿಕೊಳ್ಳಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಕಾರವಾರದ ಕಡಲತೀರದಲ್ಲಿ ಮೋಟಾರು ಪ್ಯಾರಾಗ್ಲೈಡರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡರು. ಇಂಥ ಸಾವಿನ ಬಳಿಕ ಯಾರನ್ನು ಹಿಡಿಯಬೇಕೆಂಬ ಕೂಗು ಬೇಗ ಏಳುತ್ತದೆ. ಏನು ಕೈಕೊಟ್ಟಿತೆಂಬುದು ಮುಂದೆ ಹಾರುವವರಿಗೆ ತಲುಪುವುದು ಅಪರೂಪ.

ಅಮೆರಿಕದ ಪ್ಯಾರಾಚೂಟ್ ಸಂಘ ಸಾವುಗಳ ಕಾರಣವನ್ನು ತನ್ನ ಪತ್ರಿಕೆಯಲ್ಲಿ ಬಿಡಿಸಿ ಬರೆಯುತ್ತದೆ. ಈ ರೂಢಿಯ ಜತೆಗೆ ಉಪಕರಣ, ತರಬೇತಿಯೂ ಸುಧಾರಿಸಿದವು. 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 40 ದಾಟಿದ್ದ ಸಾವು 2023ರಲ್ಲಿ 10ಕ್ಕೆ ಇಳಿಯಿತು. ಆ ವರ್ಷದ ಜಿಗಿತಗಳು 36 ಲಕ್ಷಕ್ಕೂ ಹೆಚ್ಚು!

ಗದಗ, ಮುಂಡರಗಿ, ಶಿರಹಟ್ಟಿಯವರಿಗೆ ಇದು ದೂರದ ಮಾತಲ್ಲ. ಕಪ್ಪತಗುಡ್ಡದ ಸೀಮೆಯ ಗಾಳಿಯಂತ್ರ ಏರುವ ಹುಡುಗರ ಜೀವವೂ ಒಂದು ಬೆಲ್ಟು, ಒಂದು ಕೊಕ್ಕೆಯ ಮೇಲೆ ನಿಂತಿರುತ್ತದೆ. ಕೊಕ್ಕೆ ಜಾರಿಯೂ ಬದುಕಿ ಇಳಿದವನು ಕೆಲಸ ಹೋದೀತೆಂದು ಬಾಯಿ ಬಿಡದಿದ್ದರೆ, ನಾಳೆ ಅದನ್ನೇ ಸಿಕ್ಕಿಸಿಕೊಂಡು ಇನ್ನೊಬ್ಬ ಏರುತ್ತಾನೆ.

ಕಂಪನಿಗಳು, ಗುತ್ತಿಗೆದಾರರು ಪ್ರತಿ ಸ್ಥಳದಲ್ಲೂ ಕನ್ನಡದ ವರದಿ ಪುಸ್ತಕ ಇಡಲಿ. ಹೇಳಿದವನಿಗೆ ಶಿಕ್ಷೆಯಿಲ್ಲವೆಂದು ಅದರ ಮೊದಲ ಪುಟದಲ್ಲೇ ಬರೆಯಲಿ. ಜಿಲ್ಲಾಡಳಿತ ತಿಂಗಳಿಗೊಮ್ಮೆ ಆ ಪುಸ್ತಕ ತರಿಸಿ ಓದಬೇಕು.