ಐದು ಲಕ್ಷ ಕೊಟ್ಟರು, ಜಾಗ ಕೊಡಲಿಲ್ಲ

ಉತ್ತರ ಕರ್ನಾಟಕದ ಹೊಳೆದಂಡೆಯ ಊರುಗಳು ಹತ್ತು ವರ್ಷಗಳ ಅಂತರದಲ್ಲಿ ಎರಡು ಮಹಾಪೂರ ಕಂಡವು. ಎರಡೂ ಸಲ ಮುಖ್ಯಮಂತ್ರಿಯಾಗಿದ್ದವರು ಬಿ.ಎಸ್. ಯಡಿಯೂರಪ್ಪ. 2009ರಲ್ಲಿ ಊರನ್ನೇ ಎತ್ತಿ ಬೇರೆ ಕಡೆ ಇಡುತ್ತೇವೆ ಎಂದರು. 2019ರಲ್ಲಿ ಮನೆ ಬಿದ್ದವರಿಗೆ ತಲಾ ಐದು ಲಕ್ಷ ರೂಪಾಯಿ ಎಂದರು. ಎರಡು ಯೋಜನೆಗಳೂ ಎಡವಿದವು. ಅದಕ್ಕೆ ಕಾರಣ ಹಣದ ಕೊರತೆಯೊಂದೇ ಎಂದು ಇವತ್ತಿಗೂ ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ.

2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಕೆಲವೇ ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮಣ್ಣಿನ ಮಾಳಿಗೆ ಮನೆಗಳು ನೆನೆದು ನೆನೆದು ಮಲಗಿದವರ ಮೇಲೆಯೇ ಕುಸಿದವು. ಮುಖ್ಯಮಂತ್ರಿ ಪಾದಯಾತ್ರೆ ಮಾಡಿ ದೇಣಿಗೆ ಎತ್ತಿದರು. ಉದ್ಯಮಗಳು, ಮಠಗಳು, ಸಂಘ ಸಂಸ್ಥೆಗಳು ಮುಂದೆ ಬಂದವು. ‘ಆಸರೆ’ ಎಂಬ ಹೆಸರಿನಲ್ಲಿ ಸಾವಿರಾರು ಮನೆ ಎದ್ದವು. ಆ ದಿನಗಳಲ್ಲಿ ನಾಡು ತೋರಿದ ಔದಾರ್ಯ ದೊಡ್ಡದು. ಆದರೆ ಅನೇಕ ಊರುಗಳಲ್ಲಿ ಆ ಮನೆಗಳಿಗೆ ಜನ ಹೋಗಲೇ ಇಲ್ಲ, ಹೋದವರೂ ನಿಲ್ಲಲಿಲ್ಲ. ಬಳ್ಳಾರಿ ಜಾಲಿ ಬೆಳೆದು ಬಾಗಿಲು ಮುಚ್ಚಿದ ಆಸರೆ ಬಡಾವಣೆಗಳನ್ನು ಬಾಗಲಕೋಟೆ, ಗದಗ ಜಿಲ್ಲೆಗಳಲ್ಲಿ ಎಷ್ಟೋ ಜನ ನೋಡಿದ್ದಾರೆ, ಪತ್ರಿಕೆಗಳು ಮತ್ತೆ ಮತ್ತೆ ಬರೆದಿವೆ.

ಯಾಕೆ ಹೋಗಲಿಲ್ಲ? ‘ಪುಕ್ಕಟೆ ಮನೆ ಕೊಟ್ಟರೂ ಇವರಿಗೆ ಬೇಡ’ ಎಂದು ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ. ಎರಡು ಎತ್ತು, ಒಂದು ಎಮ್ಮೆ, ನಾಲ್ಕು ಆಡು ಇರುವ ಒಕ್ಕಲುತನದ ಮನೆಗೆ ಒಂದು ಕೋಣೆ, ಒಂದು ಅಡುಗೆಮನೆ ಕೊಟ್ಟರೆ ದನ ಎಲ್ಲಿ ಕಟ್ಟಬೇಕು? ಕಣಕಿ ಬಣವೆ ಎಲ್ಲಿ ಒಟ್ಟಬೇಕು? ಹೊಲ ಹಳೆಯ ಊರಿನ ಬದಿಗಿದೆ, ಹೊಸ ಮನೆ ದೂರದಲ್ಲಿದೆ. ಹಲವು ಕಡೆ ಎರಿ ನೆಲದ ಮೇಲೆ ಕಟ್ಟಿದ ಗೋಡೆಗಳು ಬಿರುಕು ಬಿಟ್ಟವು. ಕುಡಿಯುವ ನೀರು ಬರಲಿಲ್ಲ, ಹಕ್ಕುಪತ್ರಕ್ಕಾಗಿ ವರ್ಷಗಟ್ಟಲೆ ಅಲೆದಾಟ. ಜಾಗ ಗೊತ್ತು ಮಾಡುವಾಗ, ನಕ್ಷೆ ಬರೆಯುವಾಗ ಊರಿನ ಹೆಂಗಸರನ್ನು ಒಂದು ಮಾತು ಕೇಳಿದ್ದರೂ ಇವುಗಳಲ್ಲಿ ಅರ್ಧ ತಪ್ಪುತ್ತಿದ್ದವು.

ಹೊಳೆ ಮತ್ತೆ ಬಂತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಒಟ್ಟಿಗೆ ಉಕ್ಕಿದವು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿತು. ಗೋಕಾಕ, ರಾಮದುರ್ಗ, ಕೊಣ್ಣೂರು ಜಲಾವೃತವಾದವು. ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡು ಇನ್ನೂ ಎರಡು ವಾರ ಆಗಿದ್ದಷ್ಟೆ, ಮಂತ್ರಿಗಳೇ ಇರಲಿಲ್ಲ. ಒಬ್ಬರೇ ಊರೂರು ತಿರುಗಿದರು ಎಂಬುದನ್ನು ಅವರ ವಿರೋಧಿಗಳೂ ಅಲ್ಲಗಳೆಯಲಾರರು. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಪೂರ್ತಿ ಬಿದ್ದ ಪಕ್ಕಾ ಮನೆಗೆ ಬಯಲು ಸೀಮೆಯಲ್ಲಿ ಸಿಗುತ್ತಿದ್ದುದು 95,100 ರೂಪಾಯಿ. ಅದನ್ನು ಐದು ಲಕ್ಷಕ್ಕೆ ಏರಿಸಿದ್ದು ಸಣ್ಣ ಕೆಲಸವಲ್ಲ. ಆ ಹೊತ್ತಿನಲ್ಲಿ ದಿಲ್ಲಿ ನಡೆದುಕೊಂಡ ರೀತಿಯನ್ನು ಮಾತ್ರ ಕ್ಷಮಿಸಲಾಗದು. ರಾಜ್ಯ ಅಂದಾಜಿಸಿದ ನಷ್ಟ 35,000 ಕೋಟಿ ದಾಟಿತ್ತು. ಅಕ್ಟೋಬರ್‌ನಲ್ಲಿ ಮೊದಲ ಕಂತಾಗಿ ಬಂದದ್ದು 1,200 ಕೋಟಿ. ಹಾಗೆ ನೋಡಿದರೆ ದಿಲ್ಲಿಯಲ್ಲೂ ರಾಜ್ಯದಲ್ಲೂ ಆಳುತ್ತಿದ್ದ ಬಿಜೆಪಿಯ ಕೈಯಲ್ಲೇ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 25 ಇದ್ದವು. ಕೊನೆಗೆ 2020ರ ಜನವರಿಯಲ್ಲಿ ತುಮಕೂರಿನ ವೇದಿಕೆಯ ಮೇಲೆ, ಪ್ರಧಾನಿಯವರ ಎದುರಿನಲ್ಲೇ, ಕೇಳಿದ ನೆರವು ಬಂದಿಲ್ಲವೆಂದು ಮುಖ್ಯಮಂತ್ರಿ ಬಾಯಿಬಿಟ್ಟು ಹೇಳಬೇಕಾಯಿತು.

ಇಷ್ಟನ್ನೂ ಒಪ್ಪಿಕೊಂಡೇ ಕೇಳುತ್ತೇನೆ: ಆ ಐದು ಲಕ್ಷದಲ್ಲಿ ಮನೆ ಎಲ್ಲಿ ಕಟ್ಟಬೇಕಿತ್ತು? ಬಿದ್ದ ಜಾಗದಲ್ಲೇ. ಬುನಾದಿ ಹಾಕಿದರೆ ಒಂದು ಕಂತು, ಗೋಡೆ ಎದ್ದರೆ ಇನ್ನೊಂದು ಕಂತು. ಹೊಳೆ ಹೊಕ್ಕ ಓಣಿಯಲ್ಲೇ ಸರ್ಕಾರದ ದುಡ್ಡಿನಲ್ಲಿ ಮತ್ತೆ ಗೋಡೆ ಎದ್ದವು. 2009ರಲ್ಲಿ ಜನ ಬಾರದ ಕಡೆ ಮನೆ ಕಟ್ಟಿದ ಸರ್ಕಾರ, 2019ರಲ್ಲಿ ನೀರು ಬರುವ ಕಡೆ ಮನೆ ಕಟ್ಟಿಸಿತು. ಮೊದಲನೆಯ ತಪ್ಪಿನಿಂದ ಕಲಿಯಬೇಕಾದದ್ದು ಸ್ಥಳಾಂತರ ಮಾಡುವಾಗ ಜನರನ್ನು ಕೇಳಬೇಕು ಎಂಬುದನ್ನು. ಸರ್ಕಾರ ಕಲಿತದ್ದು ಸ್ಥಳಾಂತರದ ಗೊಡವೆಯೇ ಬೇಡ ಎಂಬುದನ್ನು.

ಆ ಐದು ಲಕ್ಷವಾದರೂ ಎಲ್ಲರಿಗೂ ಸಿಕ್ಕಿತೇ? ಹಾನಿಯ ಪ್ರಮಾಣ ನೋಡಿ ಎ, ಬಿ, ಸಿ ಎಂದು ಮನೆಗಳನ್ನು ವಿಂಗಡಿಸಿದರು. ಯಾವ ಮನೆ ಯಾವ ವರ್ಗಕ್ಕೆ ಎಂಬುದು ಪಂಚನಾಮೆಗೆ ಬಂದವರ ಕಣ್ಣಳತೆಗೆ ಬಿಟ್ಟ ಮಾತಾಯಿತು. ಅಲ್ಲಿಂದಲೇ ಪಕ್ಷಪಾತದ, ಲಂಚದ ದೂರುಗಳು ಶುರುವಾದವು. ಒಂದೇ ಸೂರಿನಡಿ ಮೂವರು ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿಕೊಂಡಿದ್ದರೂ ಉತಾರದಲ್ಲಿ, ಅಂದರೆ ಮನೆಯ ಹಕ್ಕಿನ ದಾಖಲೆಯಲ್ಲಿ, ಇರುವುದು ತೀರಿಕೊಂಡ ಅಪ್ಪನ ಹೆಸರು. ಪರಿಹಾರ ಬಂದರೂ ಮೂವರಿಗೂ ಸೇರಿ ಒಂದೇ. ಬಾಡಿಗೆ ಮನೆಯಲ್ಲಿದ್ದವರು, ಗಾಂವಠಾಣದ ಅಂಚಿನಲ್ಲಿ ಕಾಗದವಿಲ್ಲದೆ ಗುಡಿಸಲು ಹಾಕಿಕೊಂಡಿದ್ದ ಕೂಲಿಗಳು ಪಟ್ಟಿಯ ಹೊರಗೆ ಉಳಿದರು. ನೀರು ಉತಾರ ನೋಡಿ ನುಗ್ಗುವುದಿಲ್ಲ; ಪರಿಹಾರ ಮಾತ್ರ ಉತಾರ ನೋಡಿ ಬರುತ್ತದೆ. ಈ ಅನ್ಯಾಯವನ್ನು ಯಾವ ಪಕ್ಷದ ಸರ್ಕಾರವೂ ಪೂರ್ತಿ ಸರಿಪಡಿಸಿಲ್ಲ.

ಇನ್ನೊಂದು ವಿಷಯವನ್ನು ರಾಜಕಾರಣಿಗಳು ಬಾಯಿಗೇ ತರುವುದಿಲ್ಲ. ನವಿಲುತೀರ್ಥದ ಅಣೆಕಟ್ಟೆಯ ಕೆಳಗೆ ಮಲಪ್ರಭೆಯ ಪಾತ್ರ ಒತ್ತುವರಿಯಿಂದ ಕಿರಿದಾಗಿದೆ. ವರ್ಷದ ಬಹುಕಾಲ ಒಣಗಿರುವ ಹೊಳೆಯನ್ನು ಎರಡೂ ಬದಿಯಿಂದ ಉತ್ತು ಕಬ್ಬು, ಗೋವಿನಜೋಳ ಹಾಕಿದ್ದಾರೆ. ಅಣೆಕಟ್ಟೆ ತುಂಬಿ ಗೇಟು ಎತ್ತಿದಾಗ ನೀರಿಗೆ ಹೋಗಲು ಊರೇ ದಾರಿ. ಒತ್ತುವರಿ ತೆರವು ಮಾಡಿದರೆ ಮತ ಹೋಗುತ್ತದೆ, ಪರಿಹಾರ ಹಂಚಿದರೆ ಮತ ಬರುತ್ತದೆ. ಹೊಳೆದಂಡೆಯ ಬಡವರ ಪುನರ್ವಸತಿ ಈ ಲೆಕ್ಕಕ್ಕೆ ಸಿಕ್ಕು ನಲುಗಿದೆ.

2025ರಲ್ಲಿ ಭೀಮೆ ಕಲಬುರಗಿ, ಯಾದಗಿರಿ, ವಿಜಯಪುರದ ಹೊಲಗಳನ್ನು ನುಂಗಿದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ವೈಮಾನಿಕ ಸಮೀಕ್ಷೆ ನಡೆಸಿದರು, ಕೇಂದ್ರದ ದರದ ಮೇಲೆ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ಘೋಷಿಸಿದರು. ಪಕ್ಷ ಬದಲಾಗಿತ್ತು, ಪದ್ಧತಿ ಅದೇ: ಮೊದಲು ಮೊತ್ತದ ಘೋಷಣೆ. ತೊಗರಿ ಕಳೆದುಕೊಂಡವನಿಗೆ ಆ ಹಣ ಬೇಕೇ ಬೇಕು. ಆದರೆ ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡಿದವನ ಹೆಸರು ಪಹಣಿಯಲ್ಲಿಲ್ಲ; ಹಣ ಅವನ ಕೈಗೆ ಬರುವುದಿಲ್ಲ.

ಆದ್ದರಿಂದ ಸರ್ಕಾರಕ್ಕೆ ನೇರವಾಗಿ ಹೇಳಬೇಕಾದದ್ದು ಇಷ್ಟು. ಮೊತ್ತ ಹೇಳುವ ಮೊದಲು ಜಾಗ ಹೇಳಿ. ಪದೇ ಪದೇ ಮುಳುಗುವ ಪ್ರತಿ ಊರಿನಲ್ಲೂ ಮಳೆಗಾಲಕ್ಕೆ ಮುಂಚೆಯೇ ಗ್ರಾಮಸಭೆ ಕರೆದು, ಹೋಗುತ್ತೀರಾ, ಎಲ್ಲಿಗೆ, ದನಕ್ಕೆ ಎಷ್ಟು ಜಾಗ ಬೇಕು ಎಂದು ಕೇಳಿ ಬರೆದುಕೊಳ್ಳಿ. ಎತ್ತರದ ಜಮೀನನ್ನು ಈಗಲೇ ಕೊಂಡಿಡಿ. ಒಲೆಗೊಂದು ಮನೆ ಎಂದು ಎಣಿಸಿ, ಉತಾರಕ್ಕೊಂದು ಎಂದಲ್ಲ. ಹೊಳೆದಂಡೆಯ ಜನರಿಗೂ ಒಂದು ಮಾತು: ಮುಂದಿನ ಸಲ ಮುಖ್ಯಮಂತ್ರಿ ಯಾರೇ ಬರಲಿ, ಎಷ್ಟು ಕೊಡುತ್ತೀರಿ ಎಂದು ಕೇಳುವ ಮೊದಲು, 2009ರಲ್ಲಿ ನಮ್ಮ ಹೆಸರಿನಲ್ಲಿ ಕಟ್ಟಿದ ಮನೆಗಳ ಲೆಕ್ಕ ಕೊಡಿ ಎಂದು ಕೇಳಿ.