ಖಾತೆ ಇಲ್ಲದ ಗೃಹಮಂತ್ರಿ

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಹರಾಜು ಮುಗಿದು ಮಂಡಿಯವರು ಪಟ್ಟಿ ಬರೆಯುವ ಹೊತ್ತಿಗೆ ರೈತರ ಫೋನುಗಳು ಒಂದೊಂದಾಗಿ ಬಡಿದುಕೊಳ್ಳುತ್ತವೆ. ‘ಹೋಮ್ ಮಿನಿಸ್ಟರ್ ಫೋನು, ಸುಮ್ನಿರಪ್ಪ’ ಎಂದು ಒಬ್ಬರು ಪಕ್ಕಕ್ಕೆ ಸರಿಯುತ್ತಾರೆ. ‘ಹೈಕಮಾಂಡ್ ರೇಟು ಕೇಳ್ತಾ ಐತೆ’ ಎಂದು ಇನ್ನೊಬ್ಬರು ನಗುತ್ತಾರೆ. ಮನೆಮಾತು ತೆಲುಗಾದವರು ‘ಇಂಟ್ಲೋ ಅಡಿಗಿ ಚೆಪ್ತಾನು’ (ಮನೇಲಿ ಕೇಳಿ ಹೇಳ್ತೀನಿ) ಎಂದು ವ್ಯವಹಾರವನ್ನೇ ನಾಳೆಗೆ ತಳ್ಳುತ್ತಾರೆ. ಹೆಂಡತಿಯ ಹೆಸರು ಬಾಯಲ್ಲಿ ಬರಬಾರದೆಂದು ‘ಇವಳೇ’, ‘ನಮ್ಮನೆಯವಳು’ ಎನ್ನುತ್ತಿದ್ದ ತಲೆಮಾರಿನ ಮಕ್ಕಳು ಅವಳನ್ನು ಸಂಪುಟಕ್ಕೇ ಸೇರಿಸಿದ್ದಾರೆ.

ಈ ಬಿರುದುಗಳಲ್ಲಿ ಅಕ್ಕರೆಯಿದೆ, ಸತ್ಯವೂ ಇದೆ. ಸಂಘದ ಕಂತು, ಮಗಳ ಕಾಲೇಜು ಫೀಜು, ಚೀಟಿ ದುಡ್ಡು, ಹಸು ಮಾರಬೇಕೋ ಬೇಡವೋ ಎಂಬ ಮಾತು, ಎಲ್ಲವೂ ಅವಳ ಲೆಕ್ಕದಲ್ಲೇ ತೀರ್ಮಾನವಾಗುತ್ತವೆ. ಆದರೆ ಅಧಿಕಾರವೆಂದರೆ ಸಲಹೆ ಕೇಳುವುದಷ್ಟೇ ಅಲ್ಲ. ಕಾಗದದ ಮೇಲೆ ಯಾರ ಹೆಸರಿದೆ ಎಂಬುದನ್ನೂ ನೋಡಬೇಕು.

ಮುಳಬಾಗಿಲು, ಶ್ರೀನಿವಾಸಪುರದ ಕಡೆ ರೇಷ್ಮೆ ಹುಳು ಸಾಕುವ ಮನೆಯೊಂದಕ್ಕೆ ಹೋಗಿ ನೋಡಬೇಕು. ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದಮೇಲೆ ಗೂಡು ಕಟ್ಟುವವರೆಗಿನ ಏಳೆಂಟು ದಿನದಲ್ಲೇ ಇಡೀ ಬೆಳೆಯ ಐದರಲ್ಲಿ ನಾಲ್ಕು ಪಾಲು ಸೊಪ್ಪು ತಿಂದು ಮುಗಿಸುತ್ತದೆ. ಆ ದಿನಗಳಲ್ಲಿ ಹೆಂಗಸರಿಗೆ ರಾತ್ರಿ ನಿದ್ದೆಯಿಲ್ಲ. ಸೊಪ್ಪು ಹಾಕಬೇಕು, ಕಸ ತೆಗೆಯಬೇಕು, ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಗೂಡು ಬಿಡಿಸುವುದೂ ಅವರೇ. ಮಾರುಕಟ್ಟೆಗೆ ಮಾತ್ರ ಅದು ಗಂಡನ ಜೊತೆ ಹೋಗುತ್ತದೆ, ದುಡ್ಡು ಬಹುಪಾಲು ಅವನ ಖಾತೆಗೆ ಬೀಳುತ್ತದೆ. ಹಿಪ್ಪುನೇರಳೆ ತೋಟದ ಪಹಣಿಯಲ್ಲಿ ಅವನ ಹೆಸರೋ, ತೀರಿಹೋದ ಮಾವನ ಹೆಸರೋ ಇರುತ್ತದೆ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿರುವುದು ಶೇ 14ರಷ್ಟು ಮಾತ್ರ.

ತಮಾಷೆಯ ಪಟ್ಟವನ್ನು ನಿಜ ಮಾಡಿದ್ದು ರೇಷನ್ ಕಾರ್ಡು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಸೆಕ್ಷನ್ನು, 18 ತುಂಬಿದ ಹಿರಿಯ ಹೆಣ್ಣುಮಗಳೇ ಪಡಿತರದ ಮಟ್ಟಿಗೆ ಮನೆಯ ಯಜಮಾನಿ ಎಂದಿತು. ಅದೇ ಕಾರ್ಡು ಹಿಡಿದು 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಚಾಲನೆಯಾದಾಗ, ತಿಂಗಳಿಗೆ 2,000 ರೂಪಾಯಿ ಅವಳ ಖಾತೆಗೇ ನಿಗದಿಯಾಯಿತು. ದುಡ್ಡು ಅತ್ತೆಗೋ ಸೊಸೆಗೋ ಎಂದು ಆಗ ಜಗಲಿ ಜಗಲಿಯಲ್ಲೂ ವಾದ ಎದ್ದಿತು. ಯಜಮಾನಿ ಯಾರು ಎಂಬುದು ಹುಡುಗಾಟದ ಪ್ರಶ್ನೆಯಲ್ಲ ಎಂದು ಮನೆಗಳಿಗೆ ಅರಿವಾದದ್ದೇ ಆಗ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಮಾತ್ರ ಜಮೀನಿನ ದಾಖಲೆಯ ಹೆಸರನ್ನೇ ಹುಡುಕಿಕೊಂಡು ಹೋಗುತ್ತದೆ. ಅಲ್ಲಿ ಹೋಮ್ ಮಿನಿಸ್ಟರಿಗೆ ಜಾಗವಿಲ್ಲ.

ಗಂಡ ತೀರಿಕೊಂಡಾಗ ಇದರ ಪೆಟ್ಟು ಪೂರ್ತಿ ತಿಳಿಯುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅವನ ಆಸ್ತಿಯಲ್ಲಿ ಹೆಂಡತಿಗೆ ಮಕ್ಕಳ ಸಮಕ್ಕೆ ಪಾಲು ಕೊಟ್ಟಿದೆ. ಆದರೂ ಪೌತಿ ಖಾತೆಗಾಗಿ ವಂಶವೃಕ್ಷ ಮಾಡಿಸಬೇಕು, ನಾಡ ಕಚೇರಿಗೆ ಅಲೆಯಬೇಕು. ಜಂಟಿ ಜಮೀನಾದರೆ ಮೈದುನಂದಿರ ಒಪ್ಪಿಗೆಗೂ ಕಾಯಬೇಕು. ಮೊನ್ನೆಯವರೆಗೂ ಹೈಕಮಾಂಡ್ ಎನಿಸಿಕೊಂಡವಳು ಬೆಂಚಿನ ಮೇಲೆ ಅರ್ಜಿ ಹಿಡಿದು ಕೂರುತ್ತಾಳೆ. ಇದು ಅನ್ಯಾಯ, ಮತ್ತು ಗಂಡ ಬದುಕಿರುವಾಗಲೇ ತಪ್ಪಿಸಬಹುದಾದ ಅನ್ಯಾಯ.

ಕರ್ನಾಟಕದಲ್ಲಿ ಗಂಡ ತನ್ನ ಸ್ವಯಾರ್ಜಿತ ಆಸ್ತಿಯನ್ನು ಹೆಂಡತಿಗೆ ದಾನಪತ್ರ ಮಾಡಿದರೆ ಮುದ್ರಾಂಕ ಶುಲ್ಕವನ್ನು ಮಾರುಕಟ್ಟೆ ಬೆಲೆಯ ಮೇಲೆ ಕಟ್ಟಬೇಕಿಲ್ಲ, ಸಣ್ಣದೊಂದು ನಿಗದಿತ ಮೊತ್ತ ಸಾಕು. ಹೊಸದಾಗಿ ಸೈಟೋ ಜಮೀನೋ ಕೊಳ್ಳುವವರು ಇಬ್ಬರ ಹೆಸರಿಗೂ ಕ್ರಯಪತ್ರ ಮಾಡಿಸಿಕೊಳ್ಳಬಹುದು. ಮಾಲೂರಿನಿಂದ ಮುಳಬಾಗಿಲಿನವರೆಗೆ ಹೆಂಡತಿಯನ್ನು ಪ್ರೀತಿಯಿಂದ ಹೋಮ್ ಮಿನಿಸ್ಟರ್ ಎನ್ನುವ ಗಂಡಂದಿರು ಈ ಸಲ ತಾಲ್ಲೂಕು ಕೇಂದ್ರಕ್ಕೆ ಹೋದಾಗ ಸಬ್ ರಿಜಿಸ್ಟ್ರಾರ್ ಕಚೇರಿಗೂ ಹೋಗಿ ವಿಚಾರಿಸಲಿ, ಅವಳನ್ನೂ ಜೊತೆಗೆ ಕರೆದುಕೊಂಡು ಹೋಗಲಿ.